ಎರಿಕ್ ಹಾರ್ಟ್‌ಮನ್

ಎರಿಕ್ ಆಲ್ಫ್ರೆಡ್ ಹಾರ್ಟ್‌ಮನ್ (19 ಏಪ್ರಿಲ್ 1922 – 20 ಸೆಪ್ಟೆಂಬರ್ 1993) ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವಾಯುಪಡೆಯಾದ ಲುಫ್ಟ್‌ವಾಫೆಯಲ್ಲಿ ಸೇವೆ ಸಲ್ಲಿಸಿದ ಯುದ್ಧವಿಮಾನ ಪೈಲಟ್. ಈತನ ಹೆಸರಿನಲ್ಲಿ 352 ವೈಮಾನಿಕ ಗೆಲುವುಗಳು ದಾಖಲಾಗಿವೆ. ವಾಯುಯುದ್ಧದ ಇತಿಹಾಸದಲ್ಲಿ ಒಬ್ಬ ಪೈಲಟ್‌ನ ಹೆಸರಿನಲ್ಲಿ ದಾಖಲಾಗಿರುವ ಅತಿ ದೊಡ್ಡ ಸಂಖ್ಯೆ ಇದೇ. ಇವುಗಳಲ್ಲಿ ಬಹುಪಾಲು ಸೋವಿಯತ್ ವಿಮಾನಗಳು; ಅಮೆರಿಕದ ಕೆಲವು ಮಸ್ಟಾಂಗ್ ಯುದ್ಧವಿಮಾನಗಳೂ ಸೇರಿವೆ. 1942ರ ಅಕ್ಟೋಬರ್‌ನಿಂದ 1945ರ ಮೇ 8ರವರೆಗೆ ಹಾರ್ಟ್‌ಮನ್ 1,404 ಯುದ್ಧ ಹಾರಾಟಗಳನ್ನು ನಡೆಸಿದ. ಅವುಗಳಲ್ಲಿ 825 ಬಾರಿ ಶತ್ರುವಿಮಾನಗಳೊಡನೆ ಕಾದಾಡಿದ. ಯುದ್ಧಾನಂತರ ಹತ್ತು ವರ್ಷ ಸೋವಿಯತ್ ಒಕ್ಕೂಟದ ಸೆರೆಯಲ್ಲಿದ್ದು, ಬಿಡುಗಡೆಯ ಬಳಿಕ ಪಶ್ಚಿಮ ಜರ್ಮನಿಯ ಹೊಸ ವಾಯುಪಡೆಯನ್ನು ಸೇರಿದ.

ಹಾರ್ಟ್‌ಮನ್‌ನ ಗೆಲುವುಗಳ ಸಂಖ್ಯೆ ಏರುತ್ತಿದ್ದ ಅವಧಿಯೂ ಜರ್ಮನ್ ಸೈನ್ಯ ಪೂರ್ವದಿಂದ ಹಿಮ್ಮೆಟ್ಟುತ್ತಿದ್ದ ಅವಧಿಯೂ ಒಂದೇ. ಮೊದಲ ಗೆಲುವು ಕಾಕಸಸ್ ಪರ್ವತಗಳ ಸಮೀಪದಲ್ಲಿ, ಕೊನೆಯದು ಸುಮಾರು ಎರಡು ಸಾವಿರ ಕಿಲೋಮೀಟರ್ ಪಶ್ಚಿಮಕ್ಕಿರುವ ಬರ್ನೊ ನಗರದ ಮೇಲೆ ದೊರೆತವು. ಈ ಕಾರಣದಿಂದ ಈತನ ವೃತ್ತಿಜೀವನವನ್ನು ವೈಯಕ್ತಿಕ ಸಾಧನೆಯೊಂದಕ್ಕೂ ಯುದ್ಧದ ಒಟ್ಟು ಪರಿಣಾಮಕ್ಕೂ ಇರುವ ಅಂತರದ ಉದಾಹರಣೆಯಾಗಿಯೂ ಅಭ್ಯಸಿಸಲಾಗುತ್ತದೆ.

ಬಾಲ್ಯ

ಹಾರ್ಟ್‌ಮನ್ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತ್ಯದ ವೈಸಾಖ್ ಎಂಬಲ್ಲಿ ಜನಿಸಿದ. ತಂದೆ ವೈದ್ಯ. ಮೊದಲನೆಯ ಮಹಾಯುದ್ಧದ ಅನಂತರ ಜರ್ಮನಿಯಲ್ಲಿ ಉಂಟಾದ ಆರ್ಥಿಕ ಸಂಕಷ್ಟದಿಂದಾಗಿ ಕುಟುಂಬ ಚೀನಾದ ಚಾಂಗ್‌ಶಾ ನಗರದಲ್ಲಿ ಕೆಲವು ವರ್ಷ ನೆಲೆಸಿತ್ತು. ಅಲ್ಲಿ ಅಂತರ್ಯುದ್ಧ ತೀವ್ರಗೊಂಡಾಗ 1928ರಲ್ಲಿ ಸ್ವದೇಶಕ್ಕೆ ಮರಳಿ ಸ್ಟುಟ್‌ಗಾರ್ಟ್ ಸಮೀಪದ ವೈಲ್ ಇಮ್ ಷ್ಯೋನ್‌ಬುಖ್‌ನಲ್ಲಿ ನೆಲೆಗೊಂಡಿತು.

ಹಾರಾಟದ ಮೊದಲ ಪಾಠ ಹಾರ್ಟ್‌ಮನ್‌ಗೆ ದೊರೆತದ್ದು ತಾಯಿಯಿಂದ. ಆಕೆ ಜರ್ಮನಿಯ ಮೊದಲ ಮಹಿಳಾ ಗ್ಲೈಡರ್ ಪೈಲಟ್‌ಗಳಲ್ಲಿ ಒಬ್ಬಳು. 1930ರ ದಶಕದಲ್ಲಿ ಊರಿನಲ್ಲಿ ಆಕೆ ನಡೆಸುತ್ತಿದ್ದ ಗ್ಲೈಡರ್ ಸಂಘದಲ್ಲಿ ಕಲಿತು, ಹಾರ್ಟ್‌ಮನ್ ಹದಿಹರೆಯದಲ್ಲೇ ಹಿಟ್ಲರ್ ಯುವದಳದ ಗ್ಲೈಡರ್ ಬೋಧಕನಾದ. ಮೊದಲನೆಯ ಮಹಾಯುದ್ಧದ ನಂತರದ ವರ್ಸೇಲ್ಸ್ ಒಪ್ಪಂದ ಜರ್ಮನಿ ವಾಯುಪಡೆ ಹೊಂದುವುದನ್ನು ನಿಷೇಧಿಸಿತ್ತು. ಆದ್ದರಿಂದ ಎಂಜಿನ್ ಇಲ್ಲದ ಗ್ಲೈಡರ್ ಹಾರಾಟ ಆ ದೇಶದಲ್ಲಿ ವ್ಯಾಪಕವಾಗಿ ಬೆಳೆಯಿತು. ಮುಂದೆ ನಾಜಿ ಆಡಳಿತಕ್ಕೆ ಅದು ತರುಣರನ್ನು ವಾಯುಪಡೆಗೆ ಸಿದ್ಧಗೊಳಿಸುವ ದಾರಿಯೂ ಆಯಿತು.

ತರಬೇತಿ

ಶಾಲಾ ಶಿಕ್ಷಣ ಮುಗಿಸಿ 1940ರ ಅಕ್ಟೋಬರ್ 1ರಂದು ಹಾರ್ಟ್‌ಮನ್ ಲುಫ್ಟ್‌ವಾಫೆಯನ್ನು ಸೇರಿದ. ಪೂರ್ವ ಪ್ರಷ್ಯದ ನೊಯ್‌ಕೂರೆನ್ ಮತ್ತು ಬರ್ಲಿನ್ ಬಳಿಯ ಗಾಟೊ ಕೇಂದ್ರಗಳಲ್ಲಿ ಆರಂಭದ ತರಬೇತಿ ನಡೆಯಿತು. ಅನಂತರ ಚೆರ್ಬ್‌ಸ್ಟ್‌ನಲ್ಲಿ ಮೆಸ್ಸರ್‌ಸ್ಮಿಟ್ 109 ಯುದ್ಧವಿಮಾನದ ತರಬೇತಿ ಪಡೆದ. ಈ ಎಲ್ಲ ಹಂತಗಳು ಸೇರಿ ಸುಮಾರು ಎರಡು ವರ್ಷ ಹಿಡಿದವು. ಯುದ್ಧದ ಕೊನೆಯ ವರ್ಷಗಳಲ್ಲಿ ಬಂದ ಜರ್ಮನ್ ಪೈಲಟ್‌ಗಳಿಗೆ ಇಷ್ಟು ಕಾಲಾವಕಾಶ ಸಿಗಲಿಲ್ಲ.

1942ರ ಮಾರ್ಚ್‌ನಲ್ಲಿ ಚೆರ್ಬ್‌ಸ್ಟ್ ವಿಮಾನ ನಿಲ್ದಾಣದ ಮೇಲೆ ಅನುಮತಿಯಿಲ್ಲದೆ ಕಸರತ್ತು ಹಾರಾಟ ನಡೆಸಿದ್ದಕ್ಕಾಗಿ ಈತನಿಗೆ ಒಂದು ವಾರ ಕೊಠಡಿಬಂಧನವನ್ನೂ ವೇತನ ಕಡಿತವನ್ನೂ ವಿಧಿಸಲಾಯಿತು. ಬಂಧನದಲ್ಲಿದ್ದಾಗ ಈತನಿಗೆ ಗೊತ್ತುಪಡಿಸಿದ್ದ ವಿಮಾನವನ್ನು ಕೊಠಡಿಯ ಜೊತೆಗಾರನೊಬ್ಬ ಹಾರಿಸಿದ. ಎಂಜಿನ್ ಕೆಟ್ಟು ವಿಮಾನ ಅಪಘಾತಕ್ಕೀಡಾಗಿ ಆತ ಮೃತಪಟ್ಟ. ಆ ಶಿಕ್ಷೆಯೇ ತನ್ನ ಜೀವ ಉಳಿಸಿತೆಂದು ಹಾರ್ಟ್‌ಮನ್ ಮುಂದೆ ಹೇಳಿಕೊಂಡಿದ್ದಾನೆ.

ಪೂರ್ವ ರಣರಂಗ

1942ರ ಅಕ್ಟೋಬರ್‌ನಲ್ಲಿ ಹಾರ್ಟ್‌ಮನ್‌ನನ್ನು ಉತ್ತರ ಕಾಕಸಸ್‌ನಲ್ಲಿ ಬೀಡುಬಿಟ್ಟಿದ್ದ 52ನೆಯ ಯುದ್ಧವಿಮಾನ ದಳಕ್ಕೆ (ಯಾಗ್ಟ್‌ಗೆಶ್ವಾಡರ್ 52) ನಿಯೋಜಿಸಲಾಯಿತು. ಲುಫ್ಟ್‌ವಾಫೆಯಲ್ಲಿ ಅತಿ ಹೆಚ್ಚು ಗೆಲುವು ದಾಖಲಿಸಿದ ದಳ ಇದು. ಹಾರ್ಟ್‌ಮನ್ ಬಿಟ್ಟರೆ ಅತಿ ಹೆಚ್ಚು ಗೆಲುವುಗಳಿರುವ ಗೆರ್ಹಾರ್ಡ್ ಬಾರ್ಕ್‌ಹಾರ್ನ್ (301) ಮತ್ತು ಗುಂಟರ್ ರಾಲ್ (275) ಕೂಡ ಇದೇ ದಳದವರು.

ಹೊಸಬರನ್ನು ಅನುಭವಿ ಪೈಲಟ್‌ನ ಜೊತೆ ವಿಂಗ್‌ಮನ್ ಆಗಿ ಕಳುಹಿಸುವುದು ದಳದ ಪದ್ಧತಿ. ಮುಂದಾಳುವಿನ ವಿಮಾನದ ಪಕ್ಕದಲ್ಲಿ ಹಾರುತ್ತ, ಹಿಂದಿನಿಂದ ಬರುವ ಶತ್ರುವಿನಿಂದ ಅದನ್ನು ಕಾಯುವುದು ವಿಂಗ್‌ಮನ್‌ನ ಕೆಲಸ. ಹಾರ್ಟ್‌ಮನ್‌ಗೆ ಮುಂದಾಳುವಾಗಿ ದೊರೆತವನು ಎಡ್ಮಂಡ್ ರಾಸ್‌ಮನ್. ಅಕ್ಟೋಬರ್ 14ರಂದು ನಡೆದ ಮೊದಲ ಕಾದಾಟದಲ್ಲಿ ಹಾರ್ಟ್‌ಮನ್ ಮುಂದಾಳುವನ್ನು ಬಿಟ್ಟು ಶತ್ರುವಿನತ್ತ ನುಗ್ಗಿದ, ಗುರಿ ತಪ್ಪಿದ, ದಾರಿಯೂ ತಪ್ಪಿ, ಇಂಧನ ಮುಗಿದು ವಿಮಾನವನ್ನು ಬಯಲಿನಲ್ಲಿ ಹೊಟ್ಟೆಯ ಮೇಲೆ ಇಳಿಸಬೇಕಾಯಿತು. ಇದಕ್ಕೆ ಶಿಕ್ಷೆಯಾಗಿ ಮೂರು ದಿನ ನೆಲದ ಮೇಲಿನ ಸಿಬ್ಬಂದಿಯ ಜೊತೆ ದುಡಿಯಬೇಕಾಯಿತು.

ನವೆಂಬರ್ 5ರಂದು ಮೊದಲ ಗೆಲುವು ದೊರೆಯಿತು. ಸೋವಿಯತ್ ಪಡೆಯ ಇಲ್ಯೂಶಿನ್ 2 ಎಂಬ ಭೂದಾಳಿ ವಿಮಾನಕ್ಕೆ ಉಕ್ಕಿನ ಕವಚವಿದ್ದು, ಸಾಮಾನ್ಯ ಗುಂಡುಗಳು ಅದನ್ನು ಭೇದಿಸುತ್ತಿರಲಿಲ್ಲ. ಅದರ ಕೆಳಭಾಗದಲ್ಲಿದ್ದ ಎಣ್ಣೆ ತಂಪುಕಾರಕ ಮಾತ್ರ ದುರ್ಬಲ ಸ್ಥಾನ. ಹಾರ್ಟ್‌ಮನ್ ತಗ್ಗಿನಲ್ಲಿ ಹಾರಿ, ಹತ್ತಿರ ಹೋಗಿ ಆ ಭಾಗಕ್ಕೆ ಗುಂಡಿಟ್ಟ. ಶತ್ರುವಿಮಾನ ಸಿಡಿದಾಗ ಅದರ ಚೂರುಗಳು ಈತನ ವಿಮಾನಕ್ಕೂ ತಾಗಿ ಮತ್ತೆ ಬಯಲಿನಲ್ಲಿ ಇಳಿಯಬೇಕಾಯಿತು. ಎರಡನೆಯ ಗೆಲುವಿಗೆ 1943ರ ಜನವರಿಯ ಕೊನೆಯವರೆಗೆ ಕಾಯಬೇಕಾಯಿತು. ಎಳೆಯ ಮುಖದ ಈ ಹುಡುಗನನ್ನು ಸಹ ಪೈಲಟ್‌ಗಳು 'ಬೂಬಿ' (ಪುಟ್ಟ ಹುಡುಗ) ಎಂದು ಕರೆಯತೊಡಗಿದರು. ಆ ಹೆಸರು ಕೊನೆಯವರೆಗೂ ಉಳಿಯಿತು.

ಕಾದಾಟದ ವಿಧಾನ

ರಾಸ್‌ಮನ್‌ನ ತೋಳಿಗೆ ಹಿಂದೆ ಗಾಯವಾಗಿದ್ದುದರಿಂದ ಬಿರುಸಾದ ತಿರುವುಗಳ ಕಾದಾಟ ಆತನಿಗೆ ಸಾಧ್ಯವಿರಲಿಲ್ಲ. ಆತ ದೂರದಿಂದ ಪರಿಸ್ಥಿತಿಯನ್ನು ಗಮನಿಸಿ, ಅನುಕೂಲವಿದ್ದರಷ್ಟೇ ಎರಗುತ್ತಿದ್ದ. ಈ ತಾಳ್ಮೆಯನ್ನು ಹಾರ್ಟ್‌ಮನ್ ಆತನಿಂದ ಕಲಿತ. ಅನಂತರ ತನ್ನ ತುಕಡಿಯ ನಾಯಕನಾದ ವಾಲ್ಟರ್ ಕ್ರುಪಿನ್ಸ್ಕಿಯಿಂದ ತೀರ ಹತ್ತಿರದಿಂದ ಗುಂಡು ಹಾರಿಸುವ ಧೈರ್ಯವನ್ನು ಪಡೆದ. ಈ ಎರಡನ್ನೂ ಬೆಸೆದು ಈತ ರೂಪಿಸಿಕೊಂಡ ವಿಧಾನದಲ್ಲಿ ನಾಲ್ಕು ಹಂತಗಳಿದ್ದವು:

ನೋಡುವುದು: ಶತ್ರು ತನ್ನನ್ನು ಕಾಣುವ ಮುನ್ನ ತಾನು ಶತ್ರುವನ್ನು ಕಾಣಬೇಕು.

ನಿರ್ಧರಿಸುವುದು: ಶತ್ರುವನ್ನು ಅನಿರೀಕ್ಷಿತವಾಗಿ ಎದುರಿಸಲು ಸಾಧ್ಯವೇ ಎಂದು ತೀರ್ಮಾನಿಸಬೇಕು, ಇಲ್ಲವಾದರೆ ಸುಮ್ಮನೆ ಕಾಯಬೇಕು.

ಎರಗುವುದು: ಶತ್ರುವಿಮಾನ ತನ್ನ ಮುಂಗಾಜನ್ನು ತುಂಬುವಷ್ಟು ಹತ್ತಿರ ಹೋಗಿ ಅಲ್ಪಕಾಲ ಮಾತ್ರ ಗುಂಡು ಹಾರಿಸಬೇಕು.

ಕಳಚಿಕೊಳ್ಳುವುದು: ಗುಂಡು ಹಾರಿಸಿದ ಕೂಡಲೇ ದೂರ ಸರಿದು, ಪರಿಸ್ಥಿತಿಯನ್ನು ಮತ್ತೆ ಅಳೆಯಬೇಕು.

ವಿಮಾನಗಳು ಒಂದರ ಹಿಂದೊಂದು ಸುತ್ತುತ್ತ ನಡೆಸುವ ದೀರ್ಘ ಕಾದಾಟವನ್ನು ಈತ ಬೇಕೆಂದೇ ದೂರವಿಟ್ಟ. ಈ ವಿಧಾನದಲ್ಲಿ ಗುರಿಯಾದ ಪೈಲಟ್‌ಗೆ ತಾನು ಹೊಡೆತಕ್ಕೆ ಸಿಕ್ಕಿದ್ದು ಹಲವು ವೇಳೆ ಕೊನೆಯ ಕ್ಷಣದವರೆಗೆ ತಿಳಿಯುತ್ತಿರಲಿಲ್ಲ. ಹತ್ತಿರದಿಂದ ಹೊಡೆಯುವುದರಲ್ಲಿ ಅಪಾಯವೂ ಇತ್ತು. ಈತ ಹಲವು ಬಾರಿ ತುರ್ತಾಗಿ ನೆಲಕ್ಕಿಳಿಯಬೇಕಾಗಿ ಬಂದದ್ದಕ್ಕೆ ಮುಖ್ಯ ಕಾರಣ ಶತ್ರುವಿನ ಗುಂಡಲ್ಲ, ತಾನೇ ಹೊಡೆದುರುಳಿಸಿದ ವಿಮಾನಗಳ ಚೂರುಗಳು.

ಕೂರ್ಸ್ಕ್ ಕದನ ಮತ್ತು ಸೆರೆಯಿಂದ ಪಾರಾದದ್ದು

1943ರ ಜುಲೈನಲ್ಲಿ ಕೂರ್ಸ್ಕ್‌ನಲ್ಲಿ ನಡೆದ ಬೃಹತ್ ಕದನದ ಮೊದಲ ದಿನ, ಜುಲೈ 5ರಂದು, ಹಾರ್ಟ್‌ಮನ್ ನಾಲ್ಕು ಗೆಲುವುಗಳನ್ನೂ ಎರಡು ದಿನಗಳ ಬಳಿಕ ಏಳು ಗೆಲುವುಗಳನ್ನೂ ದಾಖಲಿಸಿದ. ಆದರೆ ಕದನದಲ್ಲಿ ಜರ್ಮನಿ ಸೋತಿತು. ಪೂರ್ವ ರಣರಂಗದಲ್ಲಿ ಜರ್ಮನಿ ನಡೆಸಿದ ಕೊನೆಯ ದೊಡ್ಡ ಆಕ್ರಮಣ ಇದೇ ಆಗಿದ್ದು, ಅನಂತರ ಅದು ಹಿಮ್ಮೆಟ್ಟುತ್ತಲೇ ಹೋಯಿತು.

ಆಗಸ್ಟ್ 20ರಂದು ಹೊಡೆದ ವಿಮಾನವೊಂದರ ಚೂರುಗಳು ತಾಗಿ ಹಾರ್ಟ್‌ಮನ್ ಸೋವಿಯತ್ ಸೈನ್ಯದ ವಶದಲ್ಲಿದ್ದ ಪ್ರದೇಶದಲ್ಲಿ ಇಳಿದು ಸೆರೆಸಿಕ್ಕಿದ. ಈತನೇ ನೀಡಿದ ವಿವರಣೆಯಂತೆ, ದೇಹದ ಒಳಗೆ ಗಾಯವಾದವನಂತೆ ನಟಿಸಿದ್ದರಿಂದ ಸೈನಿಕರು ಈತನನ್ನು ಲಾರಿಯಲ್ಲಿ ಮಲಗಿಸಿ ಒಯ್ದರು. ದಾರಿಯಲ್ಲಿ ಜರ್ಮನಿಯ ಸ್ಟೂಕಾ ಬಾಂಬರ್ ವಿಮಾನಗಳು ಆಕಾಶದಲ್ಲಿ ಕಾಣಿಸಿಕೊಂಡಾಗ ಕಾವಲುಗಾರನನ್ನು ಹೊಡೆದು ಲಾರಿಯಿಂದ ಹಾರಿ ಹೊಲಗಳಲ್ಲಿ ಮರೆಯಾದ. ರಾತ್ರಿಯ ಹೊತ್ತು ಪಶ್ಚಿಮಕ್ಕೆ ನಡೆದು ಜರ್ಮನ್ ಸಾಲನ್ನು ತಲುಪಿದಾಗ ಅಲ್ಲಿನ ಕಾವಲುಗಾರ ಶತ್ರುವೆಂದು ಭಾವಿಸಿ ಗುಂಡು ಹಾರಿಸಿದ; ಗುಂಡು ಈತನ ಉಡುಪನ್ನಷ್ಟೇ ಹರಿಯಿತು. ಅಷ್ಟರಲ್ಲಿ ಈತನ ವಿಮಾನದ ಮೆಕ್ಯಾನಿಕ್ ಹೈನ್ಸ್ ಮೆರ್ಟೆನ್ಸ್ ರೈಫಲ್ ಹಿಡಿದು ಈತನನ್ನು ಹುಡುಕಲು ಕಾಲ್ನಡಿಗೆಯಲ್ಲಿ ಹೊರಟುಹೋಗಿದ್ದ.

ಸೆಪ್ಟೆಂಬರ್‌ನಲ್ಲಿ ಹಾರ್ಟ್‌ಮನ್ 9ನೆಯ ತುಕಡಿಯ ನಾಯಕನಾದ. 148 ಗೆಲುವುಗಳಿಗಾಗಿ ಅಕ್ಟೋಬರ್ 29ರಂದು ನೈಟ್ಸ್ ಕ್ರಾಸ್ ಪದಕ ದೊರೆಯಿತು. ಈ ಅವಧಿಯಲ್ಲಿ ತನ್ನ ವಿಮಾನದ ಮೂತಿಯ ಮೇಲೆ ಕಪ್ಪು ಟುಲಿಪ್ ಹೂವಿನ ಎಸಳುಗಳ ಆಕಾರವನ್ನು ಬರೆಸಿಕೊಂಡಿದ್ದ. ಆ ಗುರುತು ಕಂಡರೆ ಎದುರಾಳಿಗಳು ಕಾದಾಟಕ್ಕೆ ನಿಲ್ಲದೆ ದೂರ ಸರಿಯತೊಡಗಿದ್ದರಿಂದ ಅದನ್ನು ಅಳಿಸಿಹಾಕಿದನೆಂದು ಈತನ ಜೀವನಚರಿತ್ರಕಾರರು ಬರೆದಿದ್ದಾರೆ.

1944: ಹಿಮ್ಮೆಟ್ಟುವಿಕೆಯ ವರ್ಷ

1944ರ ಫೆಬ್ರುವರಿ 26ರಂದು ಒಂದೇ ದಿನ ಹತ್ತು ಗೆಲುವುಗಳನ್ನು ದಾಖಲಿಸಿ ಹಾರ್ಟ್‌ಮನ್ 200ರ ಗಡಿ ದಾಟಿದ. ಆ ವರ್ಷ ದಳ ಉಕ್ರೇನ್ ಮತ್ತು ಕ್ರಿಮಿಯಗಳನ್ನು ತೊರೆದು ರೊಮೇನಿಯಕ್ಕೆ ಸರಿಯಿತು. ಜರ್ಮನಿಯ ಪೆಟ್ರೋಲಿಯಮ್ ಪೂರೈಕೆಗೆ ಆಧಾರವಾಗಿದ್ದ ಪ್ಲೊಯೆಷ್ಟಿ ತೈಲ ಕೇಂದ್ರದ ಮೇಲೆ ಅಮೆರಿಕದ ಬಾಂಬರ್ ವಿಮಾನಗಳು ದಾಳಿ ನಡೆಸುತ್ತಿದ್ದವು. ಅವುಗಳ ಬೆಂಗಾವಲಿಗೆ ಬರುತ್ತಿದ್ದ ಮಸ್ಟಾಂಗ್ ವಿಮಾನಗಳನ್ನು ಹಾರ್ಟ್‌ಮನ್ ಎದುರಿಸಿದ್ದು ಇಲ್ಲಿಯೇ. ಒಮ್ಮೆ ಮಸ್ಟಾಂಗ್‌ಗಳ ಗುಂಪು ಬೆನ್ನಟ್ಟಿದಾಗ ಇಂಧನ ಮುಗಿದು ಪ್ಯಾರಾಶೂಟ್‌ನಲ್ಲಿ ಹಾರಬೇಕಾಯಿತು.

ಆಗಸ್ಟ್ 24ರಂದು ಎರಡು ಹಾರಾಟಗಳಲ್ಲಿ 11 ಗೆಲುವುಗಳನ್ನು ದಾಖಲಿಸಿದಾಗ ಒಟ್ಟು ಸಂಖ್ಯೆ 301ಕ್ಕೆ ಏರಿತು. 300ನ್ನು ಮುಟ್ಟಿದ ಮೊದಲ ಪೈಲಟ್ ಈತನೇ. ಮರುದಿನ ನೈಟ್ಸ್ ಕ್ರಾಸ್‌ನ ವಜ್ರಖಚಿತ ಶ್ರೇಣಿ ಈತನಿಗೆ ಘೋಷಿತವಾಯಿತು. ಇಡೀ ಯುದ್ಧದಲ್ಲಿ ಆ ಶ್ರೇಣಿ ದೊರೆತದ್ದು ಕೇವಲ 27 ಜನರಿಗೆ. ನಾಜಿ ಆಡಳಿತ ಇಂತಹ ಪೈಲಟ್‌ಗಳ ಭಾವಚಿತ್ರಗಳನ್ನು ಪತ್ರಿಕೆಗಳಲ್ಲಿಯೂ ಸುದ್ದಿಚಿತ್ರಗಳಲ್ಲಿಯೂ ಪ್ರಚಾರಕ್ಕೆ ಬಳಸುತ್ತಿತ್ತು. ಪದಕಗಳ ಸುದ್ದಿ ದೊಡ್ಡದಾಗಿ ಪ್ರಕಟವಾಗುತ್ತಿದ್ದ ಆ ತಿಂಗಳಲ್ಲೇ ರೊಮೇನಿಯ ಜರ್ಮನಿಯ ಪಕ್ಷವನ್ನು ತೊರೆಯಿತು. 1944ರ ಸೆಪ್ಟೆಂಬರ್‌ನಲ್ಲಿ ಹಾರ್ಟ್‌ಮನ್ ಶಾಲಾದಿನಗಳ ಗೆಳತಿ ಉರ್ಸುಲಾ ಪೇಟ್ಷ್‌ಳನ್ನು ವಿವಾಹವಾದ.

ಯುದ್ಧದ ಕೊನೆ

1945ರ ಮಾರ್ಚ್‌ನಲ್ಲಿ ಮೆಸ್ಸರ್‌ಸ್ಮಿಟ್ 262 ಜೆಟ್ ವಿಮಾನದ ತರಬೇತಿಗೆ ಹಾರ್ಟ್‌ಮನ್‌ನನ್ನು ಕರೆಸಲಾಯಿತು. ಅಡಾಲ್ಫ್ ಗಾಲಂಡ್ ಕಟ್ಟುತ್ತಿದ್ದ ಜೆಟ್ ತುಕಡಿಗೆ ಸೇರುವ ಆಹ್ವಾನವೂ ಬಂದಿತು. ಈತ ಅದನ್ನು ಒಪ್ಪದೆ, ಆಗ ಚೆಕೊಸ್ಲೊವಾಕಿಯದಲ್ಲಿದ್ದ ತನ್ನ ಹಳೆಯ ದಳಕ್ಕೆ ಮರಳಿದ.

ಮೇ 8ರಂದು, ಜರ್ಮನಿಯ ಶರಣಾಗತಿ ಜಾರಿಗೆ ಬರುವ ದಿನ, ಬರ್ನೊ ನಗರದ ಮೇಲೆ ಕೊನೆಯ ಹಾರಾಟ ನಡೆಸಿ 352ನೆಯ ಗೆಲುವನ್ನು ದಾಖಲಿಸಿದ. ಹೊಡೆದುರುಳಿಸಿದ್ದು ಸೋವಿಯತ್ ಪಡೆಯ ಯಾಕ್ ಯುದ್ಧವಿಮಾನ. ಈತನ ವಿವರಣೆಯ ಪ್ರಕಾರ, ಅದರ ಪೈಲಟ್ ಆಗ ಕಸರತ್ತು ಹಾರಾಟ ನಡೆಸುತ್ತಿದ್ದ.

ದಳದ ಮುಖ್ಯಸ್ಥ ಹೆರ್ಮನ್ ಗ್ರಾಫ್ ಮತ್ತು ಹಾರ್ಟ್‌ಮನ್ ಇಬ್ಬರೂ ವಿಮಾನದಲ್ಲಿ ಬ್ರಿಟಿಷ್ ವಲಯಕ್ಕೆ ಹಾರಿ ಶರಣಾಗಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ವಜ್ರಖಚಿತ ಪದಕ ಪಡೆದ ಇಬ್ಬರು ಸೋವಿಯತ್ ಕೈಗೆ ಸಿಗಬಾರದೆಂಬುದು ಅದರ ಉದ್ದೇಶ. ಆದರೆ ದಳದ ಸಿಬ್ಬಂದಿಯ ಜೊತೆಗೆ ಮಹಿಳೆಯರೂ ಮಕ್ಕಳೂ ಸೇರಿದ ನಿರಾಶ್ರಿತರ ಗುಂಪೊಂದು ಇದ್ದುದರಿಂದ ಇಬ್ಬರೂ ಆದೇಶವನ್ನು ಪಾಲಿಸಲಿಲ್ಲ. ಉಳಿದ ವಿಮಾನಗಳನ್ನು ಸುಟ್ಟು, ಎಲ್ಲರೊಡನೆ ಪಶ್ಚಿಮಕ್ಕೆ ಸಾಗಿ ಅಮೆರಿಕದ 90ನೆಯ ಪದಾತಿ ಡಿವಿಜನ್‌ಗೆ ಶರಣಾದರು. ಸೋವಿಯತ್ ಪಡೆಗಳ ವಿರುದ್ಧ ಹೋರಾಡಿದವರು ಸೋವಿಯತ್ ಪಡೆಗಳಿಗೇ ಶರಣಾಗಬೇಕೆಂಬ ಮಿತ್ರರಾಷ್ಟ್ರಗಳ ಒಪ್ಪಂದದಂತೆ ಅಮೆರಿಕನ್ನರು ಕೆಲವೇ ದಿನಗಳಲ್ಲಿ ಇಡೀ ಗುಂಪನ್ನು ಸೋವಿಯತ್ ಸೈನ್ಯಕ್ಕೆ ಒಪ್ಪಿಸಿದರು.

ಸೋವಿಯತ್ ಸೆರೆ

ಆಗ ಹಾರ್ಟ್‌ಮನ್‌ಗೆ 23 ವರ್ಷ. ಸೆರೆಯಾಳಾಗಿ ಮುಂದಿನ ಹತ್ತು ವರ್ಷಗಳನ್ನು ಸೋವಿಯತ್ ಒಕ್ಕೂಟದ ಹಲವು ಶಿಬಿರಗಳಲ್ಲಿ ಕಳೆದ. ಪೂರ್ವ ಜರ್ಮನಿಯ ಸೇನೆಗೆ ಸೇರುವಂತೆ ಬಂದ ಒತ್ತಾಯವನ್ನು ನಿರಾಕರಿಸಿದ. ಹಲವು ಬಾರಿ ಉಪವಾಸ ಮುಷ್ಕರ ಹೂಡಿದ. 1949ರ ಡಿಸೆಂಬರ್‌ನಲ್ಲಿ ಈತನ ಮೇಲೆ ಯುದ್ಧಾಪರಾಧದ ಆರೋಪ ಹೊರಿಸಿ 20 ವರ್ಷಗಳ ಶಿಕ್ಷೆ ವಿಧಿಸಲಾಯಿತು. 780 ನಾಗರಿಕರ ಹತ್ಯೆ, ಬ್ರೆಡ್ ಕಾರ್ಖಾನೆಯೊಂದರ ಮೇಲಿನ ದಾಳಿ ಮತ್ತು 345 ಬೆಲೆಬಾಳುವ ಸೋವಿಯತ್ ವಿಮಾನಗಳ ನಾಶ ಆರೋಪಗಳಲ್ಲಿ ಸೇರಿದ್ದವು. ಹಾರ್ಟ್‌ಮನ್ ಆರೋಪಗಳನ್ನು ಒಪ್ಪಲಿಲ್ಲ. ಮುಂದೆ ಶಾಖ್ತಿ ಶಿಬಿರದ ಕೈದಿಗಳ ಬಂಡಾಯಕ್ಕೆ ಸಂಬಂಧಿಸಿದಂತೆ ಶಿಕ್ಷೆಯನ್ನು 25 ವರ್ಷಕ್ಕೆ ಏರಿಸಲಾಯಿತು.

1945ರಲ್ಲಿ ಜನಿಸಿದ ಮಗ ಪೀಟರ್‌ನನ್ನು ಹಾರ್ಟ್‌ಮನ್ ಒಮ್ಮೆಯೂ ನೋಡಲಿಲ್ಲ. ಮಗು ಮೂರನೆಯ ವಯಸ್ಸಿನಲ್ಲಿ ತೀರಿಕೊಂಡಿತು. ತಂದೆಗೆ ಸುದ್ದಿ ತಲುಪಿದ್ದು ಬಹಳ ತಡವಾಗಿ. ಈತನ ತಂದೆಯೂ ಇದೇ ಅವಧಿಯಲ್ಲಿ ಮರಣಹೊಂದಿದ. 1955ರ ಸೆಪ್ಟೆಂಬರ್‌ನಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ಕೊನ್ರಾಡ್ ಅಡೆನಾವರ್ ಮಾಸ್ಕೋಗೆ ಭೇಟಿ ನೀಡಿ, ಉಳಿದಿದ್ದ ಸುಮಾರು 10,000 ಜರ್ಮನ್ ಯುದ್ಧಕೈದಿಗಳ ಬಿಡುಗಡೆಗೆ ಒಪ್ಪಂದ ಮಾಡಿಕೊಂಡ. ಹಾಗೆ ಊರಿಗೆ ಮರಳಿದವರಲ್ಲಿ ಹಾರ್ಟ್‌ಮನ್ ಒಬ್ಬ.

ಪಶ್ಚಿಮ ಜರ್ಮನಿಯ ವಾಯುಪಡೆಯಲ್ಲಿ

ಹಾರ್ಟ್‌ಮನ್ ಪಶ್ಚಿಮ ಜರ್ಮನಿಯ ವಾಯುಪಡೆಗೆ ಸೇರಿ ಜೆಟ್ ವಿಮಾನಗಳ ತರಬೇತಿ ಪಡೆದ. 1959ರಲ್ಲಿ ಸೇಬರ್ ಜೆಟ್ ವಿಮಾನಗಳನ್ನು ಹೊಂದಿದ್ದ 71ನೆಯ 'ರಿಖ್ತ್‌ಹೋಫನ್' ದಳದ ಮೊದಲ ಮುಖ್ಯಸ್ಥನಾದ. ಆಗ ವಾಯುಪಡೆ ಕೊಳ್ಳಲು ಹೊರಟಿದ್ದ ಎಫ್-104 ಸ್ಟಾರ್‌ಫೈಟರ್ ವಿಮಾನ ಅನುಭವ ಸಾಲದ ಜರ್ಮನ್ ಪೈಲಟ್‌ಗಳಿಗೆ ಅಪಾಯಕಾರಿ ಎಂದು ಎಚ್ಚರಿಸಿದ. ಇದರಿಂದ ಮೇಲಧಿಕಾರಿಗಳೊಡನೆ ವಿರಸ ಉಂಟಾಯಿತು. ಪಶ್ಚಿಮ ಜರ್ಮನಿ ಪಡೆದ 916 ಸ್ಟಾರ್‌ಫೈಟರ್‌ಗಳಲ್ಲಿ 292 ನಾಶವಾದವು. 116 ಪೈಲಟ್‌ಗಳು ಸತ್ತರು. ಹಾರ್ಟ್‌ಮನ್ 1970ರಲ್ಲಿ ಕರ್ನಲ್ ದರ್ಜೆಯಲ್ಲಿ ನಿವೃತ್ತನಾದ.

ಗೆಲುವುಗಳ ಸಂಖ್ಯೆಯ ಬಗ್ಗೆ ಚರ್ಚೆ

352 ಎಂಬ ಸಂಖ್ಯೆಯನ್ನು ಎರಡು ಬಗೆಯಲ್ಲಿ ಪ್ರಶ್ನಿಸಲಾಗಿದೆ. ಮೊದಲನೆಯದು, ಅದು ನಿಜವೇ ಎಂಬುದು. ಲುಫ್ಟ್‌ವಾಫೆಯಲ್ಲಿ ಪೈಲಟ್ ಸಲ್ಲಿಸಿದ ಹಕ್ಕುದಾವೆಗೆ ಸಾಮಾನ್ಯವಾಗಿ ಸಾಕ್ಷಿ ಬೇಕಾಗಿತ್ತು. ಆದರೂ ವೇಗದ ಕಾದಾಟದಲ್ಲಿ ಹೊಗೆಯುಗುಳುತ್ತ ಕೆಳಗಿಳಿದ ವಿಮಾನ ನೆಲಕ್ಕಪ್ಪಳಿಸಿತೋ ತಪ್ಪಿಸಿಕೊಂಡಿತೋ ಎಂದು ಹೇಳುವುದು ಕಷ್ಟ. ಒಂದೇ ವಿಮಾನವನ್ನು ಇಬ್ಬರು ತಮ್ಮದೆಂದು ಎಣಿಸುವುದೂ ಉಂಟು. ಹೀಗಾಗಿ ಎಲ್ಲ ದೇಶಗಳ ವಾಯುಪಡೆಗಳಲ್ಲಿಯೂ ಹಕ್ಕುದಾವೆಗಳು ಎದುರಾಳಿಯ ನಿಜವಾದ ನಷ್ಟಕ್ಕಿಂತ ಹೆಚ್ಚಾಗಿರುತ್ತಿದ್ದವು. ರಷ್ಯದ ಇತಿಹಾಸಕಾರ ದಿಮಿತ್ರಿ ಖಜಾನೊವ್ ಸೋವಿಯತ್ ದಾಖಲೆಗಳ ಆಧಾರದ ಮೇಲೆ ಹಾರ್ಟ್‌ಮನ್‌ನ ಹಲವು ಗೆಲುವುಗಳನ್ನು ಪ್ರಶ್ನಿಸಿದ್ದಾನೆ. ಆದ್ದರಿಂದ 352 ಎಂಬುದನ್ನು ಜರ್ಮನ್ ದಾಖಲೆಗಳಲ್ಲಿರುವ ಗೆಲುವುಗಳ ಸಂಖ್ಯೆ ಎಂದು ತಿಳಿಯಬೇಕೇ ಹೊರತು, ನಾಶವಾದ ವಿಮಾನಗಳ ನಿಖರ ಲೆಕ್ಕ ಎಂದಲ್ಲ.

ಎರಡನೆಯದು, ಇಷ್ಟು ದೊಡ್ಡ ಸಂಖ್ಯೆ ಹೇಗೆ ಸಾಧ್ಯವಾಯಿತೆಂಬುದು. ಮಿತ್ರರಾಷ್ಟ್ರಗಳ ಪೈಲಟ್‌ಗಳಲ್ಲಿ ಅತಿ ಹೆಚ್ಚು ಗೆಲುವು ಪಡೆದ ಸೋವಿಯತ್ ಒಕ್ಕೂಟದ ಇವಾನ್ ಕೊಜೆದುಬ್‌ನ ಸಂಖ್ಯೆ 60ನ್ನು ಸ್ವಲ್ಪ ಮೀರುತ್ತದೆ. ಅಮೆರಿಕದ ರಿಚರ್ಡ್ ಬಾಂಗ್‌ನದು 40. ಈ ಅಂತರಕ್ಕೆ ಕೌಶಲವೊಂದೇ ಕಾರಣವಲ್ಲ. ಅಮೆರಿಕ ಮತ್ತು ಬ್ರಿಟನ್ ತಮ್ಮ ಪೈಲಟ್‌ಗಳನ್ನು ನಿಗದಿತ ಅವಧಿಯ ಬಳಿಕ ರಣರಂಗದಿಂದ ಹಿಂದಕ್ಕೆ ಕರೆಸಿ ಹೊಸಬರಿಗೆ ಕಲಿಸಲು ನೇಮಿಸುತ್ತಿದ್ದವು. ಜರ್ಮನ್ ಪೈಲಟ್‌ಗಳು ಸಾಯುವವರೆಗೆ, ತೀವ್ರವಾಗಿ ಗಾಯಗೊಳ್ಳುವವರೆಗೆ ಅಥವಾ ಯುದ್ಧ ಮುಗಿಯುವವರೆಗೆ ಹಾರಬೇಕಿತ್ತು. ಪೂರ್ವದಲ್ಲಿ ಸೋವಿಯತ್ ವಿಮಾನಗಳ ಸಂಖ್ಯೆ ಜರ್ಮನ್ ವಿಮಾನಗಳಿಗಿಂತ ಬಹಳ ಹೆಚ್ಚಾಗಿದ್ದು, ಒಬ್ಬ ಜರ್ಮನ್ ಪೈಲಟ್ ದಿನಕ್ಕೆ ಹಲವು ಬಾರಿ ಹಾರಿ ಪ್ರತಿ ಬಾರಿಯೂ ಶತ್ರುವನ್ನು ಎದುರಿಸುವುದು ಸಾಮಾನ್ಯವಾಗಿತ್ತು. ಹಾರ್ಟ್‌ಮನ್‌ನ ಲೆಕ್ಕವನ್ನು ನೋಡಿದರೆ, ಸರಾಸರಿ ನಾಲ್ಕು ಹಾರಾಟಗಳಿಗೆ ಒಂದು ಗೆಲುವು ಬರುತ್ತದೆ.

ಈ ವ್ಯವಸ್ಥೆಯ ಬೆಲೆಯನ್ನು ತೆತ್ತವರು ಹೊಸ ಪೈಲಟ್‌ಗಳು. ಅನುಭವಿಗಳು ರಣರಂಗದಲ್ಲೇ ಉಳಿದದ್ದರಿಂದ ತರಬೇತಿ ಕೇಂದ್ರಗಳಲ್ಲಿ ಬೋಧಕರ ಕೊರತೆ, ಇಂಧನದ ಕೊರತೆಯ ಜೊತೆ ಸೇರಿಕೊಂಡಿತು. 1944ರ ವೇಳೆಗೆ ಜರ್ಮನ್ ಹೊಸಬರಿಗೆ ಸಿಗುತ್ತಿದ್ದ ಹಾರಾಟದ ತರಬೇತಿ ಅಮೆರಿಕನ್ ಮತ್ತು ಬ್ರಿಟಿಷ್ ಪೈಲಟ್‌ಗಳಿಗೆ ಸಿಗುತ್ತಿದ್ದುದರ ಅರ್ಧಕ್ಕಿಂತ ಕಡಿಮೆ ಇತ್ತು. ಅವರಲ್ಲಿ ಅನೇಕರು ಮೊದಲ ಕೆಲವು ಹಾರಾಟಗಳಲ್ಲೇ ಸತ್ತರು. ಬೆರಳೆಣಿಕೆಯ ಪೈಲಟ್‌ಗಳ ದೊಡ್ಡ ಸಂಖ್ಯೆಗಳೂ ಸಾವಿರಾರು ಹೊಸಬರ ಸಾವುಗಳೂ ಒಂದೇ ವ್ಯವಸ್ಥೆಯ ಫಲಗಳು.

ನಿರೂಪಣೆ ಮತ್ತು ಟೀಕೆ

ಅಮೆರಿಕದ ಲೇಖಕರಾದ ರೇಮಂಡ್ ಟಾಲಿವರ್ ಮತ್ತು ಟ್ರೆವರ್ ಕಾನ್‌ಸ್ಟೇಬಲ್ 1970ರಲ್ಲಿ ಪ್ರಕಟಿಸಿದ 'ದಿ ಬ್ಲಾಂಡ್ ನೈಟ್ ಆಫ್ ಜರ್ಮನಿ' ಎಂಬ ಜೀವನಚರಿತ್ರೆ ಹಾರ್ಟ್‌ಮನ್‌ನ ಹೆಸರನ್ನು ಇಂಗ್ಲಿಷ್ ಓದುಗರಲ್ಲಿ ಜನಪ್ರಿಯಗೊಳಿಸಿತು. ಈತನ ಬಗ್ಗೆ ಪ್ರಚಲಿತವಾಗಿರುವ ಹಲವು ಪ್ರಸಂಗಗಳ ಮೂಲ ಈ ಕೃತಿ. ಇತಿಹಾಸಕಾರರಾದ ರೊನಾಲ್ಡ್ ಸ್ಮೆಲ್ಸರ್ ಮತ್ತು ಎಡ್ವರ್ಡ್ ಡೇವಿಸ್ 2008ರಲ್ಲಿ ಪ್ರಕಟವಾದ ತಮ್ಮ ಅಧ್ಯಯನದಲ್ಲಿ ಇಂತಹ ಕೃತಿಗಳನ್ನು ಟೀಕಿಸಿದ್ದಾರೆ. ಪೂರ್ವ ರಣರಂಗದ ಯುದ್ಧ ಕೋಟ್ಯಂತರ ಸೋವಿಯತ್ ಪ್ರಜೆಗಳ ಸಾವಿಗೆ ಕಾರಣವಾದ ಆಕ್ರಮಣವಾಗಿದ್ದರೂ ಈ ಬರಹಗಳು ಅದನ್ನು ಮರೆಮಾಡಿ ಜರ್ಮನ್ ಸೈನಿಕರನ್ನು ಕೇವಲ ವೀರರಂತೆ ಚಿತ್ರಿಸುತ್ತವೆ ಎಂಬುದು ಅವರ ಆಕ್ಷೇಪ.

ಮರಣ

ಹಾರ್ಟ್‌ಮನ್ 1993ರ ಸೆಪ್ಟೆಂಬರ್ 20ರಂದು ವೈಲ್ ಇಮ್ ಷ್ಯೋನ್‌ಬುಖ್‌ನಲ್ಲಿ 71ನೆಯ ವಯಸ್ಸಿನಲ್ಲಿ ನಿಧನನಾದ. 1997ರ ಜನವರಿಯಲ್ಲಿ ರಷ್ಯದ ಪ್ರಧಾನ ಮಿಲಿಟರಿ ಅಭಿಯೋಜಕರ ಕಚೇರಿ ಈತನ ಪ್ರಕರಣವನ್ನು ಮರುಪರಿಶೀಲಿಸಿ, ಸೋವಿಯತ್ ನ್ಯಾಯಾಲಯ ನೀಡಿದ್ದ ತೀರ್ಪು ನ್ಯಾಯಸಮ್ಮತವಾಗಿರಲಿಲ್ಲವೆಂದು ಅದನ್ನು ರದ್ದುಪಡಿಸಿತು.